ನಿಧಾನಪ್ಪ ಎಡಕ್ಕೆ ತಿರುಗಿದ್ದು

ಅವನನ್ನು ಎಲ್ಲರೂ ನಿಧಾನಪ್ಪ ಎಂದು ಕರೆಯುತ್ತಿದ್ದುದರಲ್ಲಿ ಕುಚೋದ್ಯವೇನೂ ಇರಲಿಲ್ಲ. ಮೂವತ್ತೊಂದು ವರ್ಷ ಆಸ್ಪತ್ರೆಯ ಶವವಾಹನ ಓಡಿಸಿದವನು. ಗಂಟೆಗೆ ಇಪ್ಪತ್ತು ಕಿಲೋಮೀಟರು, ಅದರ ಮೇಲೆ ಮುಳ್ಳು ಏರಿದ್ದನ್ನು ಕಂಡವರಿಲ್ಲ. ತನ್ನ ಗಾಡಿಯಲ್ಲಿ ಮಲಗಿ ಹೋದವರಲ್ಲಿ ಒಬ್ಬರೂ ದೂರು ಹೇಳಿದ್ದಿಲ್ಲ ಎಂದು ಅವನೇ ಹೇಳುತ್ತಿದ್ದ. ಹೇಳುವಾಗ ನಗುತ್ತಿರಲಿಲ್ಲ.

ಅವನು ಕೊನೆಯ ಸಲ ಆ ಗಾಡಿ ಓಡಿಸಿದ್ದು ಐದು ತಿಂಗಳ ಹಿಂದೆ, ಕೆಲಸದಿಂದ ನಿವೃತ್ತನಾದ ಮೇಲೆ. ಹೊಸ ಡ್ರೈವರನ ಕೈಯಿಂದ ಕೀಲಿ ಇಸಿದುಕೊಂಡು ಹೆಂಡತಿಯನ್ನು ತಾನೇ ಸ್ಮಶಾನಕ್ಕೆ ಕರೆದೊಯ್ದಿದ್ದ. ಆಮೇಲೆ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಮನೆಯ ಮುಂದೆ ಅವನ ಪುಟ್ಟ ಕಾರು ಮುಸುಕು ಹೊದ್ದು ನಿಂತಿತ್ತು. ಯಾರನ್ನೂ ಎಲ್ಲಿಗೂ ಮುಟ್ಟಿಸುವ ಕೆಲಸ ಅವನಿಗೆ ಉಳಿದಿರಲಿಲ್ಲ.

ಹೀಗಿರುವಾಗ ಮಗಳು ಹೆತ್ತಳು. ಹೆಣ್ಣು ಮಗು. ಮೂರನೆಯ ದಿನ ಮನೆಗೆ ಹೋಗಬಹುದು ಎಂದರು.

"ಟ್ಯಾಕ್ಸಿ ಕರೆಸೋಣ," ಎಂದ ಅಳಿಯ, ಹಿಂದಿನ ಸಂಜೆ ವಾರ್ಡಿನಲ್ಲಿ. ಅಳಿಯನದು ಕನ್ನಡಕದ ಅಂಗಡಿ. ಅಕ್ಕಿಕಾಳಿಗಿಂತ ಸಣ್ಣ ತಿರುಪನ್ನು ತಿರುಗಿಸಬಲ್ಲ, ಕಾರು ಓಡಿಸಲಾರ. "ಮಾವ ಐದು ತಿಂಗಳಿಂದ ಗಾಡಿ ಮುಟ್ಟಿಲ್ಲ. ಮೊನ್ನೆ ಟೀಗೆ ಉಪ್ಪು ಹಾಕ್ಕೊಂಡು ಕುಡಿದ್ರು. ಪೂರ್ತಿ ಕುಡಿದ್ರು."

ನಿಧಾನಪ್ಪ ಅಲ್ಲೇ ಕುರ್ಚಿಯಲ್ಲಿ ಕೂತಿದ್ದ. "ಚೆಲ್ಲೋದ್ಯಾಕೆ ಅಂತ ಕುಡಿದೆ," ಎಂದ.

ಮಗಳು ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿದಳು. ಅಮ್ಮನ ಹಾಗೆಯೇ ಅವಳೂ ತೀರ್ಪು ಕೊಡುವ ಮೊದಲು ದಿಂಬು ಸರಿಮಾಡಿಕೊಳ್ಳುತ್ತಿದ್ದಳು. "ಅಪ್ಪ, ನಾಳೆ ನೀನೇ ಕರ್ಕೊಂಡು ಹೋಗು. ಮಗುನ ನೆಟ್ಟಗೆ ಮನೆ ಮುಟ್ಟಿಸಿದ್ರೆ ಮುಂದೆ ತೂಕಕ್ಕೆ, ಲಸಿಕೆಗೆ ಎಲ್ಲಾ ನೀನೇ. ಏನಾದ್ರೂ ಎಡವಟ್ಟಾದ್ರೆ ಕಾರು ಮಾರಿಬಿಡೋಣ. ಆಮೇಲೆ ಮುಖ ಊದಿಸ್ಕೋಬಾರದು."

"ಆಗಲಿ," ಎಂದ ನಿಧಾನಪ್ಪ.

ಬೆಳಿಗ್ಗೆ ಎದ್ದು ಮುಸುಕು ತೆಗೆದ. ಕಾರನ್ನು ಎರಡು ಸಲ ತೊಳೆದ. ಟೈರುಗಳಿಗೆ ಗಾಳಿ ಹಿಡಿಸಿದ. ಹಿಂದಿನ ಸೀಟಿನಲ್ಲಿ ಮಗುವಿನ ಸೀಟನ್ನು, ಮಗುವಿನ ಮುಖ ಗಾಡಿಯ ಹಿಂಬದಿಗೆ ಬರುವ ಹಾಗೆ ಇಟ್ಟು, ಮಂಡಿಯೂರಿ ತನ್ನ ಭಾರವನ್ನೆಲ್ಲ ಹಾಕಿ ಬಿಗಿದ. ಬಿಗಿಯುವುದು ಅವನಿಗೆ ಹೇಳಿಕೊಡಬೇಕಾದ ವಿದ್ಯೆಯಾಗಿರಲಿಲ್ಲ. ಅವನ ಗಾಡಿಯಲ್ಲಿ ಶವಪೆಟ್ಟಿಗೆ ಒಂದಂಗುಲ ಜರುಗಿದ ದಿನವಿಲ್ಲ.

ಆಸ್ಪತ್ರೆಯಲ್ಲಿ ಹೊಸದಾಗಿ ಸೇರಿದ್ದ ನರ್ಸೊಬ್ಬಳು ಪರೀಕ್ಷೆಗೆ ಬಂದಳು. ಸೀಟನ್ನು ಹಿಡಿದು ಜಗ್ಗಿದಳು. ಇಡೀ ಕಾರು ಅಲ್ಲಾಡಿತು, ಸೀಟು ಅಲ್ಲಾಡಲಿಲ್ಲ.

"ಅಜ್ಜ, ಎಲ್ಲಿ ಕಲಿತ್ರಿ ಇದನ್ನ?"

"ಕೆಲಸದಲ್ಲಿ."

"ಏನು ಕೆಲಸ?"

"ಜನರನ್ನ ಸಾಗಿಸೋದು. ಹೋಗೋದು ಮಾತ್ರ."

ನರ್ಸು ಹೆಚ್ಚು ಕೇಳಲಿಲ್ಲ. ಅವಳಿಗೆ ತಕರಾರು ಇದ್ದದ್ದು ಮಗುವಿಗೆ ತೊಡಿಸಿದ್ದ ಉಣ್ಣೆಯ ಅಂಗಿಯ ಬಗ್ಗೆ. ಅದು ಅಜ್ಜಿ ಹೆಣೆದದ್ದು. ಮಗುವಿನ ಸುದ್ದಿ ತಿಳಿದ ದಿನವೇ ಹಾಸಿಗೆಯಲ್ಲಿ ಒರಗಿಕೊಂಡು ಶುರುಮಾಡಿ, ತೀರಿಹೋಗುವ ಹಿಂದಿನ ವಾರ ಮುಗಿಸಿದ್ದಳು. ಒಂದು ತೋಳು ಇನ್ನೊಂದಕ್ಕಿಂತ ಎರಡು ಬೆರಳು ಉದ್ದವಿತ್ತು.

"ಇಷ್ಟು ದಪ್ಪದ್ದು ಬೆಲ್ಟಿನ ಕೆಳಗೆ ಬೇಡ," ಎಂದಳು ನರ್ಸು. "ಬಿಗಿ ಇದೆ ಅನ್ಸುತ್ತೆ, ಇರಲ್ಲ. ತೆಗೀರಿ. ತೆಳು ಬಟ್ಟೆ ಮೇಲೆ ಬೆಲ್ಟು ಹಾಕಿ, ಆಮೇಲೆ ಇದನ್ನ ಮೇಲೆ ಹೊದಿಸಿ. ಮತ್ತೆ ನೀವು," ಎಂದು ಅಳಿಯನ ಕಡೆ ತಿರುಗಿದಳು, "ಪಕ್ಕದಲ್ಲೇ ಕೂತ್ಕೊಳ್ಳಿ. ಮಗು ಗಲ್ಲ ಎದೆಗೆ ಕುಸೀಬಾರದು, ಉಸಿರು ಕಟ್ಟುತ್ತೆ. ಅದರ ಮೇಲೆ ಒಂದು ಕಣ್ಣಿಡಿ."

ಅಳಿಯ ಎರಡೂ ಕಣ್ಣಿಟ್ಟ. ಹಿಂದೆ ಮಗುವಿನ ಪಕ್ಕದಲ್ಲಿ ಕೂತು, ಕನ್ನಡಕ ಒರೆಸಿ ಹಾಕಿಕೊಂಡು, ಗಲ್ಲವನ್ನು ನೋಡತೊಡಗಿದವನು ಮತ್ತೆ ತಲೆ ಎತ್ತಲಿಲ್ಲ. ಮಗಳು ಮುಂದೆ ಕೂತು ಸೀಟು ಒರಗಿಸಿಕೊಂಡಳು. ಮೂರು ರಾತ್ರಿಯ ನಿದ್ದೆ ಬಾಕಿಯಿತ್ತು, ಕಣ್ಣು ಮುಚ್ಚಿದ್ದೇ ತಡ ಗೊರಕೆ ಬಂತು.

ನಿಧಾನಪ್ಪ ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ತಲೆ ಬಾಗಿಸಿದ. ಹೊರಡುವ ಮೊದಲು ಪ್ರಾರ್ಥಿಸದೆ ಅವನು ಒಂದು ದಿನವೂ ಗಾಡಿ ಎತ್ತಿದವನಲ್ಲ. "ದೇವರೇ, ಇವರನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ. ಸುಖವಾಗಿ ಮುಟ್ಟಿಸು." ಮೂವತ್ತೊಂದು ವರ್ಷದಿಂದ ಅವನು ಹೇಳುತ್ತ ಬಂದದ್ದು ಇಷ್ಟೇ.

ಕಾರನ್ನು ಅವನು ನಿಲ್ಲಿಸಿದ್ದು ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ. ನೆರಳಿಗೆಂದು ನಿಲ್ಲಿಸಿದ್ದಾನೆ ಎಂದುಕೊಂಡು ಬೇರೆ ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ. ಆ ಗೇಟಿನಿಂದ ಬಲಕ್ಕೆ ತಿರುಗಿದರೆ ಹತ್ತು ನಿಮಿಷಕ್ಕೆ ಮನೆ. ಎಡಕ್ಕೆ ತಿರುಗಿದರೆ ನೆಟ್ಟನೆಯ ರಸ್ತೆ, ಸ್ಮಶಾನಕ್ಕೆ. ಪ್ರಾರ್ಥನೆ ಮುಗಿಯಿತು, ಕೈಗಳು ಎಡಕ್ಕೆ ತಿರುಗಿಸಿದವು.

ಅವನಿಗೆ ಗೊತ್ತಾಗಲಿಲ್ಲ. ಅಷ್ಟು ಸುಖವಾಗಿತ್ತು. ಕನ್ನಡಿಯಲ್ಲಿ ಉಣ್ಣೆಯ ಅಂಗಿಯ ಉದ್ದ ತೋಳು ಕಾಣುತ್ತಿತ್ತು. ಮುಳ್ಳು ಇಪ್ಪತ್ತರಲ್ಲಿ ನಿಂತಿತ್ತು. ರಸ್ತೆಯ ಉಬ್ಬುಗಳೆಲ್ಲ ಪರಿಚಯದವು, ಒಂದೊಂದರ ಮೇಲಿಂದಲೂ ಗಾಡಿಯನ್ನು ಹಾಲಿನ ಪಾತ್ರೆ ಇಳಿಸುವ ಹಾಗೆ ಇಳಿಸಿದ. ಹಿಂದೆ ಏಳೆಂಟು ಗಾಡಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಹಿಂದೆ ಗಾಡಿಗಳ ಸಾಲು ಬರುವುದು ಅವನಿಗೆ ಹೊಸದಲ್ಲ. ಹಾರ್ನ್ ಮಾತ್ರ ಹೊಸದು, ಅದು ಕಿವಿಗೆ ಬೀಳಲಿಲ್ಲ.

ಕಬ್ಬಿಣದ ಗೇಟು ಕಿರುಗುಟ್ಟಿದಾಗ ಅವನಿಗೆ ಎಚ್ಚರವಾಯಿತು.

ಗೇಟು ತೆರೆದವನು ಬೀಗದಣ್ಣ, ಸ್ಮಶಾನದ ಕಾವಲುಗಾರ. ಇಪ್ಪತ್ತು ವರ್ಷದ ಸ್ನೇಹ. ಸ್ಟಿಯರಿಂಗಿನ ಹಿಂದೆ ನಿಧಾನಪ್ಪನ ಮುಖ ಕಂಡರೆ ಸಾಕು, ಅವನ ಕೈ ತಾನಾಗಿ ಗೇಟಿಗೆ ಹೋಗುತ್ತಿತ್ತು. ಇವತ್ತೂ ಹೋಗಿತ್ತು. ಅವನು ಕಿಟಕಿಯ ಬಳಿ ಬಂದು ಬಗ್ಗಿದ.

"ಯಾರು, ನಿಧಾನಪ್ಪ?"

"ಮೊಮ್ಮಗಳು."

ಬೀಗದಣ್ಣನ ಟೋಪಿ ಎದೆಗೆ ಬಂತು. "ಎಷ್ಟು ವಯಸ್ಸು?"

"ಮೂರು ದಿನ."

ಬೀಗದಣ್ಣ ಗೇಟಿನ ಕಂಬ ಹಿಡಿದುಕೊಂಡ. ಅವನು ಗಟ್ಟಿ ಆಳು, ಆದರೆ ಮುಖದ ಬಣ್ಣ ಇಳಿದುಹೋಯಿತು.

"ಚೆನ್ನಾಗಿದ್ದಾಳೆ," ಎಂದ ನಿಧಾನಪ್ಪ. "ಮನೆಗೆ ಹೊರಟಿದ್ದೀವಿ."

ಬೀಗದಣ್ಣ ಕಾರನ್ನು ನೋಡಿದ. ಗೇಟನ್ನು ನೋಡಿದ. "ಹೀಗಾ?"

"ಮನೆ ಬಂತಾ ಮಾವ?" ಎಂದ ಅಳಿಯ, ಗಲ್ಲದಿಂದ ಕಣ್ಣು ಕೀಳದೆ.

"ಇನ್ನೂ ಇಲ್ಲ."

ಮಗಳಿಗೆ ಎಚ್ಚರವಾಯಿತು. ಗೇಟು, ಅದರಾಚೆಯ ಮರ, ಸಾಲು ಕಲ್ಲುಗಳು, ಎಲ್ಲವನ್ನೂ ನೋಡಿದಳು. ನಿಧಾನಪ್ಪ ಸ್ಟಿಯರಿಂಗನ್ನು ನೋಡುತ್ತ ಕೂತ. ಕಾರು ಕೈತಪ್ಪಿತು ಎಂದು ಅವನಿಗೆ ಖಚಿತವಾಗಿತ್ತು. ಎಡವಟ್ಟು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಅವನಿಗೂ ಹೊಳೆಯಲಿಲ್ಲ.

"ಅಪ್ಪ," ಎಂದಳು ಮಗಳು. ದನಿ ಮೆತ್ತಗಿತ್ತು. "ಅಮ್ಮನಿಗೆ ತೋರಿಸೋಣ ಅಂತ ಕರ್ಕೊಂಡು ಬಂದ್ಯಾ?"

ಅಳಿಯ ಮೊದಲ ಸಲ ತಲೆ ಎತ್ತಿದ. ಅವನ ಕನ್ನಡಕ ಮಂಜಾಯಿತು. ಬೀಗದಣ್ಣ ಕೂಡ, ತನಗಿದು ಮೊದಲೇ ಗೊತ್ತಿತ್ತು ಎಂಬಂತೆ ತಲೆಯಾಡಿಸಿದ. ಮೂರು ಜನ ಸೇರಿ ಅವನಿಗೊಂದು ದಾರಿ ಬಿಟ್ಟುಕೊಟ್ಟಿದ್ದರು. ಹೂಂ ಎಂದರೆ ಮುಗಿಯಿತು. ಕಾರೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಆದರೆ ಇದೇ ಸೀಟಿನಲ್ಲಿ ಕೂತು ಕಾಲು ಗಂಟೆಯ ಹಿಂದೆ ಅವನು ದೇವರ ಹತ್ತಿರ ಮಾತಾಡಿದ್ದ.

"ಇಲ್ಲಮ್ಮ," ಎಂದ. "ಮನೆಗೆ ಅಂತಲೇ ಹೊರಟೆ. ಕೈ ಎಡಕ್ಕೆ ತಿರುಗಿಸಿಬಿಡ್ತು. ಅದಕ್ಕೆ ಇದೊಂದೇ ದಾರಿ ಗೊತ್ತು."

ಬೀಗದಣ್ಣ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ.

"ನಿಮ್ಮಮ್ಮನ ನೆನಪೇ ಬರಲಿಲ್ಲ," ಎಂದ ನಿಧಾನಪ್ಪ. "ಆಸ್ಪತ್ರೆಯಿಂದ ಇಲ್ಲಿವರೆಗೂ. ಐದು ತಿಂಗಳಲ್ಲಿ ಇದೇ ಮೊದಲು."

ಅಷ್ಟರಲ್ಲಿ ಮಗು ಅತ್ತಿತು. ಮೂರು ದಿನದ ಗಂಟಲಿಗೆ ಮೀರಿದ ಅಳು. ಸ್ಮಶಾನದಲ್ಲಿ ಅಳು ಹೊಸದಲ್ಲ, ಆದರೂ ಬೀಗದಣ್ಣ ಒಂದು ಹೆಜ್ಜೆ ಹಿಂದೆ ಸರಿದ.

"ಹಸಿವು," ಎಂದಳು ಮಗಳು. "ಒಳಗೆ ನಿಲ್ಲಿಸು."

ಹೇಗೂ ಒಳಗೆ ಹೋಗಲೇಬೇಕಿತ್ತು. ಗೇಟಿನ ಮುಂದೆ ಗಾಡಿ ತಿರುಗಿಸಲು ಜಾಗವಿಲ್ಲ, ಒಳಗಿನ ದೊಡ್ಡ ಮರವನ್ನು ಸುತ್ತಿ ಬರಬೇಕು. ಬೀಗದಣ್ಣ ತನ್ನ ಪುಸ್ತಕದಲ್ಲಿ ಗಂಟೆ ಬರೆದುಕೊಂಡು ಒಳಗೆ ಬಿಟ್ಟ. ಮರದ ನೆರಳಿನಲ್ಲಿ ಕಾರು ನಿಂತಿತು. ಬೆಲ್ಟು ಬಿಚ್ಚಿ ಮಗುವನ್ನು ತಾಯಿಗೆ ಕೊಟ್ಟರು. ಅವಳು ಹಾಲೂಡಿಸುವಷ್ಟು ಹೊತ್ತು ನಿಧಾನಪ್ಪ ಉಣ್ಣೆಯ ಅಂಗಿ ಹಿಡಿದುಕೊಂಡು ಮೂರನೆಯ ಸಾಲಿಗೆ ನಡೆದು ಹೋದ. ಅಲ್ಲಿ ಒಂದು ಕಲ್ಲಿನ ಮುಂದೆ ನಿಂತ.

"ತೋಳು ಒಂದು ಉದ್ದ ಆಗಿದೆ," ಎಂದ.

ಸ್ವಲ್ಪ ಹೊತ್ತು ನಿಂತಿದ್ದು ವಾಪಸು ಬಂದ. ಬೆಲ್ಟು ಹಾಕಿದರು. ಹೆಗಲ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿದ, ಚಿವುಟಿಗೆ ಸಿಗಲಿಲ್ಲ, ಅಷ್ಟು ಬಿಗಿಯಿತ್ತು. ಅಂಗಿ ಹೊದಿಸಿದ. ಅಳಿಯ ಗಲ್ಲಕ್ಕೆ ಮರಳಿದ.

ಗೇಟಿನಲ್ಲಿ ಬೀಗದಣ್ಣ ಪುಸ್ತಕ ಬಿಡಿಸಿಕೊಂಡು ನಿಂತಿದ್ದ. ಕಾರಿನೊಳಗೆ ತಲೆ ಹಾಕಿ ಒಬ್ಬೊಬ್ಬರನ್ನೂ ಎಣಿಸಿದ. "ಒಳಗೆ ನಾಲ್ಕು. ಹೊರಗೆ ನಾಲ್ಕು," ಎಂದು ಹೇಳಿಕೊಂಡು ಬರೆದ. ಬರೆದದ್ದನ್ನು ಇನ್ನೊಮ್ಮೆ ಓದಿದ. "ನೀನು ತಂದವರನ್ನ ನೀನೇ ವಾಪಸ್ ಕರ್ಕೊಂಡು ಹೋಗ್ತಿರೋದು ಇದೇ ಮೊದಲು ಕಣೋ."

"ಹೌದು," ಎಂದ ನಿಧಾನಪ್ಪ.

ಆಸ್ಪತ್ರೆಯ ಗೋಡೆ ದಾಟಿ, ಮನೆಯ ರಸ್ತೆಗೆ ಬಂದರು. ನಿಧಾನಪ್ಪ ಕಾರಿನ ಮುಸುಕು ಎಲ್ಲಿಟ್ಟೆ ಎಂದು ಯೋಚಿಸುತ್ತಿದ್ದ. ಮಾರುವ ಮೊದಲು ಅದನ್ನು ಒಗೆಯಬೇಕು.

"ಗುರುವಾರ ತೂಕಕ್ಕೆ ಬನ್ನಿ ಅಂದಿದ್ದಾರೆ," ಎಂದಳು ಮಗಳು. "ಒಂಬತ್ತಕ್ಕೆ ಅಲ್ಲಿರಬೇಕು. ನಿನ್ನ ವೇಗಕ್ಕೆ ಎಂಟಕ್ಕೇ ಹೊರಡೋಣ."

ನಿಧಾನಪ್ಪ ರಸ್ತೆ ನೋಡುತ್ತಿದ್ದ.

"ಬೇರೆಯವರಾಗಿದ್ರೆ ಹೂಂ ಅಂದುಬಿಟ್ಟಿರೋರು," ಎಂದಳು. "ಆದ್ರೆ ಗಾಡಿನ ಮುಂದಿನ ಗೇಟಲ್ಲಿ ನಿಲ್ಲಿಸ್ಬೇಕು. ಹಿಂದಿನ ಗೇಟಿನ ಹತ್ರ ನಿನ್ನ ಬಿಡಲ್ಲ."

"ಆಗಲಿ," ಎಂದ ನಿಧಾನಪ್ಪ.

ಹಿಂದೆ ಒಂದು ಲಾರಿ ಹಾರ್ನ್ ಹೊಡೆಯಿತು. ಈ ಸಲ ಅವನಿಗೆ ಕೇಳಿಸಿತು. ಅವನು ಮುಳ್ಳನ್ನು ಇಪ್ಪತ್ತೈದಕ್ಕೆ ಏರಿಸಿದ.

"ಮಾವ," ಎಂದ ಅಳಿಯ, ಗಲ್ಲದಿಂದ ಕಣ್ಣು ಕೀಳದೆ, "ಸ್ವಲ್ಪ ನಿಧಾನ."