ಆರ್ಡಿತಳ ಮೂವತ್ತೆರಡು

ಆರ್ಡಿತ್ ಕ್ವಾಮೆ ನಿಧಾನವಾಗಿ ನಡೆದದ್ದನ್ನು ಕಂಡವರಿಲ್ಲ; ಎಪ್ಪತ್ತೊಂದರ ವಯಸ್ಸಿನಲ್ಲೂ ತಲೆಯನ್ನು ಮುಂದಕ್ಕೆ ಚಾಚಿ, ಅರ್ಧಕ್ಕೆ ನಿಂತ ಜಗಳವೊಂದನ್ನು ಮುಗಿಸಲು ಹೊರಟವಳಂತೆ, ಮೊಂಟಾನಾದ ನಮ್ಮ ಗುರಿಹೊಡೆತದ ಶೂಟಿಂಗ್ ಕ್ಲಬ್ಬಿನ ಜಲ್ಲಿಹಾದಿಯಲ್ಲಿ ದಡದಡನೆ ಬರುತ್ತಿದ್ದಳು. ಮೈಮೇಲೆ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತಳಾದಾಗ ಹಿಂದಿರುಗಿಸದೆ ಉಳಿಸಿಕೊಂಡ, ಎಣ್ಣೆಕಲೆಯ ಕ್ಯಾನ್ವಾಸ್ ಕೋಟು. ಬುದ್ಧಿ ಹೇಳಲು ಬಂದವರಿಗೆಲ್ಲ ಒಂದೇ ಉತ್ತರ: "ಹಾಗಂತ ಯಾರು ಹೇಳಿದ್ರು?" ಪಾದ್ರಿಗೂ ಅದೇ, ವೈದ್ಯನಿಗೂ ಅದೇ.

ಹಿಮದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ ವರ್ಷ, ಅವಳ ನಲವತ್ನಾಲ್ಕರ ದೊಡ್ಡ ಗುಂಡಿನ ರಿವಾಲ್ವರಿನ ಒದೆತ ಇನ್ನು ಈ ಕೈಗೆ ಆಗದೆಂದು ವೈದ್ಯ ಖಂಡಿತವಾಗಿ ಹೇಳಿದ. ಬೇರೆಯವರಾಗಿದ್ದರೆ ಅದನ್ನು ಮಾರಿ ಸಣ್ಣದೊಂದನ್ನು ಕೊಳ್ಳುತ್ತಿದ್ದರು. ಇವಳು ಚಳಿಗಾಲವಿಡೀ ಲೋಹ ಕಡೆಯುವ ಲೇತಿನ ಮುಂದೆ ನಿಂತು, ಅದೇ ಭಾರಿ ಒಡಲಿಗೆ ಮೂವತ್ತೆರಡರ ಸಣ್ಣ ಗುಂಡಿಗೆ ತಕ್ಕ ಹೊಸ ನಳಿಗೆಯನ್ನೂ ಸಿಲಿಂಡರನ್ನೂ ತಾನೇ ಕಡೆದು ಕೂರಿಸಿದಳು. ನಳಿಗೆಯ ನಿಜವಾದ ಅಳತೆಯನ್ನು ಮರೆಮಾಚುವುದು ನಮ್ಮಲ್ಲಿ ಮಹಾಪರಾಧವಾದ್ದರಿಂದ, ಅದರ ಮೇಲೆ "32" ಎಂದು ಕೈಯಾರೆ ಅಚ್ಚೊತ್ತಿದಳು. ಎರಡರ ಅಂಕಿ ಕೊಂಚ ಸೊಟ್ಟಗಾಯಿತು.

"ಏನ್ ಆರ್ಡಿತ್, ಇದರಲ್ಲಿ ಗುಂಡು ಬರುತ್ತೋ, ಬರೀ ಕೆಮ್ಮು ಬರುತ್ತೋ?" ಎಂದು ಕ್ಲಬ್ಬಿನ ಕ್ಯಾಪ್ಟನ್ ಡ್ವೇನ್ ಟಾಲಿವರ್ ನಕ್ಕ.

"ನಿನ್ನ ಕಿವಿ ಕೆಟ್ಟಿದೆ. ಮೊದಲು ಅದನ್ನ ರಿಪೇರಿ ಮಾಡಿಸ್ಕೋ."

ಮೇ ತಿಂಗಳಲ್ಲಿ ಕ್ಲಬ್ಬಿನ ಸ್ಪರ್ಧಾತಂಡದ ಆಯ್ಕೆ. ಆರು ಗುಂಡಿನಲ್ಲಿ, ಗುರಿಯಾಗಿ ನೆಟ್ಟಗೆ ನಿಲ್ಲಿಸಿದ ಐದು ಕಬ್ಬಿಣದ ತಟ್ಟೆಗಳನ್ನು ಕೆಡವಬೇಕು. ಅವಕಾಶ ಎರಡೇ ಸಲ. ತಗುಲಿದರೆ ಸಾಲದು, ತಟ್ಟೆ ಬೀಳಬೇಕು. ಮೂವತ್ತು ವರ್ಷ ತಂಡದಲ್ಲಿದ್ದ ಆರ್ಡಿತ್ ಮೊದಲ ಸಲ ಐದನ್ನೂ ಹೊಡೆದಳು, ಐದೂ ಠಣ್ಣೆಂದವು, ಐದರ ನಟ್ಟನಡುವೆಯೂ ಸೀಸದ ಗುರುತು ಮೂಡಿತು. ಒಂದೂ ಬೀಳಲಿಲ್ಲ.

ಡ್ವೇನ್ ಮೆಲ್ಲಗೆ ಹತ್ತಿರ ಬಂದ. "ನಿಮಗೋಸ್ಕರ ತಟ್ಟೆಗಳನ್ನ ಸ್ವಲ್ಪ ಸಡಿಲ ಮಾಡ್ತೀವಿ, ಯಾರೂ ಏನೂ ಅನ್ನೋಲ್ಲ. ಬೇಡಾಂದ್ರೆ ಗೌರವ ಸದಸ್ಯರಾಗಿ, ಕಾಫಿ ಕುಡೀತಾ ಆರಾಮಾಗಿ ನೋಡಿ." ನಾನಂತೂ ಆಗಲೇ ನೆರಳಲ್ಲಿ ಒಂದು ಮಡಚುಕುರ್ಚಿ ಬಿಡಿಸಿಟ್ಟಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

"ತಟ್ಟೆ ಮುಟ್ಟಿದ್ರೆ ನೋಡು!" ಎಂದಳು. ಆಮೇಲೆ ಬಹಳ ಹೊತ್ತು ಆ ಐದು ಗುರುತುಗಳನ್ನೇ ದಿಟ್ಟಿಸಿ ನಿಂತಳು. "ನಡುವಿಗೆ ಹೊಡೆಯೋದು ದೊಡ್ಡ ಗುಂಡಿನವರ ಸೋಮಾರಿತನ ಕಣಯ್ಯಾ. ಇಷ್ಟು ವರ್ಷ ನಾನೂ ಸೋಮಾರಿಯಾಗಿದ್ದೆ."

ತಟ್ಟೆಯ ಮೇಲಂಚಿಗೆ ತಗುಲಿದರೆ ಸಣ್ಣ ಗುಂಡಿನ ಅಲ್ಪ ಬಲಕ್ಕೂ ಅದು ಹಿಂದಕ್ಕೆ ವಾಲುತ್ತದೆ. ಆದರೆ ಆ ಅಂಚು ಎರಡು ಬೆರಳಿನಗಲ, ಕೊಂಚ ತಪ್ಪಿದರೂ ಗುಂಡು ಮೇಲಿಂದ ಹಾರಿಹೋಗುತ್ತದೆ. ಎರಡನೇ ಸಲದ ಮೊದಲ ಗುಂಡು ಹಾಗೆಯೇ ಹಾರಿ ಹಿಂದಿನ ಮಣ್ಣಿನ ದಿಬ್ಬದಲ್ಲಿ ಹೂತಿತು. ಉಳಿದದ್ದು ತಟ್ಟೆಗೊಂದೇ ಗುಂಡು. ಒಂದು ಬಿತ್ತು. ಎರಡು, ಮೂರು, ನಾಲ್ಕು. ಐದನೆಯದು ಓಲಾಡಿತು, ನಿಂತಿತೆನ್ನಿಸಿತು; ಮತ್ತೆ ಹಿಂದಕ್ಕೆ ವಾಲಿ ದೊಪ್ಪನೆ ಮಲಗಿತು. ಡ್ವೇನ್ ತಂಡದ ಪಟ್ಟಿಯಲ್ಲಿ ಅವಳ ಹೆಸರು ಬರೆದ.

ಶಕ್ತಿ ಕುಂದಿದರೂ ಪಂತವನ್ನು ಕುಂದಿಸಲೊಲ್ಲದ ಇಂಥವರು ಯಾರಲ್ಲೂ ರಿಯಾಯಿತಿ ಬೇಡುವುದಿಲ್ಲ. ಬೇಡದವರಿಗೆ ನಾವೇ ಮುಂದಾಗಿ ನೀಡಹೋಗುವ ದಯೆಯಲ್ಲಿ ಅರ್ಧದಷ್ಟು, ಅವರನ್ನು ಬೇಗ ದಾರಿಯಿಂದ ಸರಿಸಿಬಿಡುವ ನಮ್ಮ ಆತುರವೇ.