ಉಕ್ಟೇನಾ ಕಂಡವನ ಮನೆ

ವಾರವಿಡೀ ಔರಂಗಾಬಾದಿನ ಬ್ಯಾಂಕಿನಲ್ಲಿ ದುಡಿದು ಶನಿವಾರ ಸಂಜೆ ರೈಲಿನಲ್ಲಿ ನಾಸಿಕಕ್ಕೆ ಬರುವ ರಘೋತ್ತಮನಿಗೆ ಮನೆಯಲ್ಲಿ ಇದ್ದದ್ದು ಒಂದೇ ಅಧಿಕಾರ, ಎಂಟು ವರ್ಷದ ಮಗಳು ರುಚಿತಾಳಿಗೆ ಕಥೆ ಹೇಳುವುದು. 2008ರ ಮಳೆಗಾಲದಲ್ಲಿ ಅದೂ ಕೈತಪ್ಪಿತು. ರಾಜಕುಮಾರಿ ಕಾಡಿಗೆ ಹೋದಳು ಎನ್ನುವಷ್ಟರಲ್ಲೇ ಹುಡುಗಿ ಆಕಳಿಸಿ, "ಪಪ್ಪಾ, ಇದು ಬೋರ್ ಅದ. ಕಾಕಾನ ಉಕ್ಟೇನಾ ಮಸ್ತ್ ಅದ" ಎಂದಳು.

ಕಾಕಾ ಎಂದರೆ ಕೆಳಗಿನ ಮನೆಯ ಗುರುಲಿಂಗಪ್ಪ. ಬೀದರಿನವರು, ಮನ್ಮಾಡಿನಲ್ಲಿ ರೈಲ್ವೆ ನೌಕರಿ ಮುಗಿಸಿದವರು. ರದ್ದಿ ಅಂಗಡಿಯಲ್ಲಿ ಸಿಕ್ಕ ಹಳೇ ಇಂಗ್ಲಿಷ್ ಪುಸ್ತಕದಿಂದ ಅಮೆರಿಕದ ಚೆರೋಕೀ ಜನರ ಕಥೆಗಳನ್ನು ದಿನಾ ಸಂಜೆ ಅವಳಿಗೆ ಹೇಳುತ್ತಿದ್ದರು. ಉಕ್ಟೇನಾ ಅಂದರೆ ಮರದ ಬೊಡ್ಡೆಯಷ್ಟು ದಪ್ಪನೆಯ ಹಾವು, ತಲೆಯ ಮೇಲೆ ಕೊಂಬು, ಹಣೆಯಲ್ಲಿ ಉರಿಯುವ ರತ್ನ. ಇರುವುದು ಗುಡ್ಡದ ಸಂದಿಯಲ್ಲಿ. ಊಟ ಮುಗಿಯುವವರೆಗೂ ರುಚಿತಾ ಅದನ್ನೇ ಒದರಿದಳು.

ರಘೋತ್ತಮನ ಹೊಟ್ಟೆಗೆ ಕಿಚ್ಚು ಬಿತ್ತು. ಹೆತ್ತವನು ತಾನು, ಮಗಳು ಬಾಯಿ ಬಿಟ್ಟುಕೊಂಡು ಕೇಳುವುದು ಮತ್ಯಾರದೋ ಕಥೆ! "ನಮ್ಮ ನಾಗರಹಾವಿನ ನಾಗಮಣಿ ಕಥಿ ಏನು ಕಮ್ಮಿ?" ಎಂದು ಹೆಂಡತಿ ಸುಮನಳ ಮುಂದೆ ಗೊಣಗಿದ.

"ಆ ಮುದುಕರ ಮ್ಯಾಲೆ ಹೊಟ್ಟೆಕಿಚ್ಚೇನ್ರಿ?" ಎಂದು ಅವಳು ನಕ್ಕಳು.

ಹೊಟ್ಟೆಕಿಚ್ಚೇ, ಮತ್ತೇನು? ಬ್ಯಾಂಕಿನ ಸಾಹೇಬನಾದರೇನು, ಅದು ಹುದ್ದೆ ನೋಡಿ ಬರುವುದಿಲ್ಲ.

ಭಾನುವಾರ ಬೆಳಿಗ್ಗೆ ಕೆಳಗಿಳಿದು, ಹಲ್ಲು ಕಿರಿದು ಆ ಪುಸ್ತಕ ಕೇಳಿದ. "ಒಯ್ರಿ ಸಾಹೇಬ್ರ, ಕೂಸಿಗಿ ನೀವೂ ಹೇಳ್ರಿ" ಎಂದರು ಗುರುಲಿಂಗಪ್ಪ, ಪಾಪ. ಒಂದು ಪುಟದಲ್ಲಿ ಎರಡು ಸಾಲಿಗೆ ಪೆನ್ಸಿಲಿನ ಗೆರೆ ಎಳೆದಿತ್ತು. ಅಂಚಿನಲ್ಲಿ 'ಕೂಸಿಗಿ ಬ್ಯಾಡ' ಎಂದು ಕನ್ನಡದಲ್ಲಿ ಬರೆದಿತ್ತು. ರಘೋತ್ತಮನಿಗೆ ಬೇಕಾದದ್ದು ಸಿಕ್ಕಿತು. ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

"ನಿಮ್ಮ ಕಾಕಾ ಖರೇ ಮಾತು ಮುಚ್ಚಿಟ್ಟಾರ. ಇಲ್ಲೆ ನೋಡು. ಉಕ್ಟೇನಾ ಕಣ್ಣಿಗೆ ಬಿದ್ರ ನೋಡಿದವಗ ಏನೂ ಆಗಂಗಿಲ್ಲ. ಅವನ ಮನಿ ಮಂದಿ ಸಾಯ್ತಾರ."

ಇಂಗ್ಲಿಷ್ ಶಾಲೆಯ ಹುಡುಗಿ ಬೆರಳಿಟ್ಟು ಆ ಸಾಲುಗಳನ್ನು ಎರಡು ಸಲ ಓದಿದಳು. ಆ ಸಂಜೆ ಕೆಳಗಿನ ಮನೆಗೆ ಹೋಗಲೇ ಇಲ್ಲ. ಗೆದ್ದೆನೆಂದು ರಘೋತ್ತಮ ಸಿಳ್ಳೆ ಹಾಕುತ್ತಾ ರೈಲು ಹತ್ತಿದ.

ಶುಕ್ರವಾರ ಮಧ್ಯಾಹ್ನ ಅವನ ಮೊಬೈಲಿಗೆ ಮನೆಯಿಂದ ಕರೆ ಬಂತು.

"ಪಪ್ಪಾ, ನಾಳೆ ಬರಬ್ಯಾಡ."

"ಯಾಕ ಪುಟ್ಟಿ?"

"ರೈಲಿನ್ಯಾಗಿಂದ ಅಂಕಾಯಿ ಗುಡ್ಡ ಕಾಣಸ್ತದಲ್ಲ. ಅಲ್ಲಿ ನೀ ಉಕ್ಟೇನಾ ನೋಡಿದ್ರ ನಿನಗೇನೂ ಆಗಂಗಿಲ್ಲ. ಮಮ್ಮಿ ಸಾಯ್ತಾಳ. ಎಂದೂ ಬರಬ್ಯಾಡ."

ರಘೋತ್ತಮ ಮೊಬೈಲು ಹಿಡಿದು ಬ್ಯಾಂಕಿನ ಹೊರಗೆ ಬಂದ. "ಏ, ಅದೆಲ್ಲಾ ಸುಳ್ಳು ಪುಟ್ಟಿ, ಬರೇ ಕಥಿ."

"ಕಾಕಾನೂ ಹಂಗ ಅಂದ್ರು," ರುಚಿತಾ ಬಿಕ್ಕಿದಳು. "ನಾ ಅವರನ್ನ ನಂಬಂಗಿಲ್ಲ ಪಪ್ಪಾ. ನಿನ್ನ ಕಥೀನ ನಂಬತೀನಿ."