ಹದಿನೈದೇ ಹದಿನೈದು ಬಸವ

ಚಿತ್ರಕ್ಕೆ ಬೆಲೆ ಕಟ್ಟುವವನು ಅಂದರೆ ನಂಜನಗೂಡಿನಲ್ಲಿ ಜನ ನಗುತ್ತಾರೆ. ನಗಲಿ. ಅಂಗಡಿಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವುದು ನನ್ನ ಹೊಟ್ಟೆಪಾಡು. ಮೈಸೂರಿನ ಸಂಗ್ರಾಹಕರಿಗೆ ಅಚ್ಚಿನ ಚಿತ್ರಗಳನ್ನು ನೋಡಿ, ಇದು ಇಷ್ಟು ಬಾಳುತ್ತದೆ ಎಂದು ಬರೆದುಕೊಡುವುದು ನನ್ನ ಜಂಬ. ಮಲ್ಲಿಕಾರ್ಜುನ್ ಬರೆದುಕೊಟ್ಟರೆ ಮುಗಿಯಿತು ಎನ್ನುವ ಹೆಸರು ಬರಲು ಹನ್ನೆರಡು ವರ್ಷ ಹಿಡಿದಿತ್ತು. ೧೯೯೯ರ ಒಂದು ಸೋಮವಾರ ಆ ಹೆಸರು ಹೋಯಿತು ಅಂದುಕೊಂಡೆ.

ಆ ದಿನ ಟಿ. ನರಸೀಪುರದಲ್ಲಿ ಬಸ್ಸಿಳಿದು ಜವರಯ್ಯನ ಹೋಟೆಲಿಗೆ ಟೀ ಕುಡಿಯಲು ಹೋದೆ. ಗಲ್ಲಾದ ಹಿಂದಿನ ಗೋಡೆಯ ಪಟದಲ್ಲಿ ಒಂದು ಬಸವ ನಿಂತಿತ್ತು. ಸೇವಂತಿಗೆ ಹಾರ ಅರ್ಧ ಮುಖ ಮುಚ್ಚಿತ್ತು. ಆದರೂ ಆ ಕೊಂಬು, ಆ ಗಂಗೆದೊಗಲು ಯಾರ ಕೈಕೆಲಸ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹೆಮ್ಮಿಗೆಯ ಡ್ರಾಯಿಂಗ್ ಮೇಷ್ಟ್ರು ಸಿದ್ದಮಲ್ಲಪ್ಪನವರದು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

"ಇದೆಲ್ಲಿ ಸಿಕ್ತು ಜವರಯ್ಯ?"

"ಮೇಷ್ಟ್ರು ತೀರ್ಕಂಡಾಗ ಗಣಾರಾಧನೇಲಿ ಕೊಟ್ರು ಕಣ್ರೀ. ಊಟಕ್ಕೆ ಬಂದೋರ್ಗೆಲ್ಲ ಒಂದೊಂದು. ಇನ್ನೂರು ಜನಕ್ಕೇನೂ ಮೋಸಿಲ್ಲ, ಬುಡಿ."

ಟೀ ಲೋಟ ಕೆಳಗಿಟ್ಟೆ. ಮೇಷ್ಟ್ರು ಹಲಸಿನ ಹಲಗೆಯಲ್ಲಿ ಚಿತ್ರ ಕೆತ್ತಿ, ಮಸಿ ಸವರಿ, ಕಾಗದ ಇಟ್ಟು ಸೌಟಿನ ಬೆನ್ನಿನಿಂದ ಉಜ್ಜಿ ಅಚ್ಚು ತೆಗೆಯುತ್ತಿದ್ದರು. ಬಸವ, ಮುಂಗುಸಿ, ಕೊಕ್ಕರೆ, ಎಕ್ಕದ ಗಿಡ, ಯಾವುದೇ ಇರಲಿ, ಒಂದು ಹಲಗೆಯಿಂದ ಹದಿನೈದೇ ಹದಿನೈದು. ಆಮೇಲೆ ಹಲಗೆಯ ಮೇಲೆ ಅಡ್ಡಗೀಟು ಕೆತ್ತಿ ಕೆಡಿಸಬೇಕು, ಅದು ಈ ಕಸುಬಿನ ಕಟ್ಟುಪಾಡು. ಕೆಡಿಸದಿದ್ದರೆ ಯಾರು ಬೇಕಾದರೂ ಇನ್ನೂ ನೂರು ತೆಗೆಯಬಹುದು, ಆಗ ಸಂಗ್ರಾಹಕರು ಮೂಸಿಯೂ ನೋಡುವುದಿಲ್ಲ.

ಎರಡು ತಿಂಗಳ ಹಿಂದೆ ಮೇಷ್ಟ್ರ ಹೆಂಡತಿ ಪುಟ್ಟಬಸಮ್ಮ ಆ ಹದಿನೈದರಲ್ಲಿ ಉಳಿದಿದ್ದ ಒಂದು ಬಸವನನ್ನು ನನ್ನ ಅಂಗಡಿಗೆ ತಂದಿದ್ದರು. ಹಲಗೆ ಏನಾಯಿತು ಎಂದು ಕೇಳಿದ್ದಕ್ಕೆ "ಅದುನ್ನ ಅವ್ರೇ ಮುಗಿಸ್ಬುಟ್ಟವ್ರೆ" ಅಂದರು. ಹೆಮ್ಮಿಗೆವರೆಗೆ ಹೋಗಿ ನೋಡಲು ನನಗೆ ಸೋಮಾರಿತನ. 'ಹಲಗೆ ಕೆಡಿಸಿದ್ದಾಗಿದೆ, ಖುದ್ದು ಪರಿಶೀಲಿಸಿದ್ದೇನೆ' ಎಂದು ಹಸಿಸುಳ್ಳು ಬರೆದು ಸಹಿ ಹಾಕಿದೆ. ಆ ಕಾಗದ ನಂಬಿ ಮೈಸೂರಿನ ಸುನೀತಾ ಮೇಡಂ ಚಿತ್ರ ಕೊಂಡರು. ಈಗ ಊರಿಗೆಲ್ಲ ಬಸವ ಹಂಚಿದ್ದಾರೆ ಅಂತ ಗೊತ್ತಾದರೆ ಅವರು ನನ್ನನ್ನು ಬಿಡುತ್ತಾರೆಯೇ? ಮೈಸೂರಿನಲ್ಲಿ ಇನ್ಯಾರು ನನ್ನನ್ನು ಹೊಸ್ತಿಲು ಹತ್ತಿಸುತ್ತಾರೆ?

ಸಿಟ್ಟು ನೆತ್ತಿಗೇರಿತು. ತಪ್ಪು ನನ್ನದಾದಾಗ ನನಗೆ ಸಿಟ್ಟು ಇನ್ನೂ ಬೇಗ ಬರುತ್ತದೆ. ಸಿಕ್ಕಿದ ಟೆಂಪೋ ಹತ್ತಿ ಹೆಮ್ಮಿಗೆಗೆ ಹೋದೆ.

ಪುಟ್ಟಬಸಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಬಾಯಿ ಬಿಟ್ಟೆ. "ಹದಿನೈದೇ ಅಂತ ಹೇಳಿ ಇನ್ನೂರು ತೆಗ್ದಿದ್ದೀರಲ್ಲಮ್ಮ! ಇದು ಮೋಸ ಅಲ್ವಾ? ಮೇಷ್ಟ್ರ ಹೆಸರಿಗೂ ನನ್ನ ಹೆಸರಿಗೂ ಮಸಿ ಬಳಿದ್ರಲ್ಲ!"

ಆಕೆ ತಿರುಗಿ ಬೈಯಲಿಲ್ಲ. "ಕೊಟ್ಟಿದ್ದು ದಿಟ ಸ್ವಾಮಿ. ಬಂದೋರ್ನ ಬರಿಗೈಲಿ ಕಳಿಸಾದ್ ಎಂಗೆ ಅಂತ ನಾನೇ ಉಜ್ಜಿ ಉಜ್ಜಿ ತೆಗ್ದೆ" ಎಂದು ಒಳಗೆ ಹೋಗಿ, ದೇವರ ಗೂಡಿನ ಪಕ್ಕದಿಂದ ಹಲಗೆಯನ್ನೂ ಮಿಕ್ಕಿದ್ದ ಒಂದು ಅಚ್ಚನ್ನೂ ತಂದು ಮುಂದಿಟ್ಟರು. "ಮುಗಿಸ್ಬುಟ್ಟವ್ರೆ ಅಂದಿದ್ನಲ್ಲ. ನೋಡ್ಕಳಿ."

ಹಲಗೆಯ ಬಸವನ ಹಣೆಯಲ್ಲಿ ಮೂರು ಗೀಟುಗಳನ್ನು ಆಳವಾಗಿ ಕೊರೆದಿದ್ದರು. ಕೊರೆದ ಜಾಗಕ್ಕೆ ಮಸಿ ಹತ್ತುವುದಿಲ್ಲವಲ್ಲ, ಹಾಗಾಗಿ ಅಚ್ಚಿನಲ್ಲಿ ಕಪ್ಪು ಹಣೆಯ ಮೇಲೆ ಬೆಳ್ಳಗೆ ಮೂರು ಪಟ್ಟೆ. ವಿಭೂತಿ!

"ಹಲಗೆ ಕೆಡಿಸ್ಬೇಕು ಅಂತ ಮೈಸೂರಲ್ಲಿ ಏಳ್ಕೊಟ್ಟಿದ್ರಂತೆ. ಬಸವಣ್ಣನ ಮಕಕ್ಕೆ ಅಡ್ಡಗೀಟು ಒಡಿಯಕ್ಕೆ ಇವರ್ಗೆ ಮನಸ್ ಬರ್ನಿಲ್ಲ. ಹದಿನೈದಾದ್ ಮ್ಯಾಲೆ ವಿಭೂತಿ ಇಟ್ಬುಡಾರು. ಮುಂಗುಸಿಗೂ ಅಷ್ಟೇ, ಎಕ್ಕದೆಲೆಗೂ ಅಷ್ಟೇ. ವಿಭೂತಿ ಇಟ್ಟಿದ್ದು ದೇವರ್ದು, ಯಾರ್ಗಾದ್ರೂ ಕೊಡ್ಬೋದು, ಮಾರಂಗಿಲ್ಲ ಅನ್ನೋರು."

ಹಾಗಾದರೆ ಮೇಡಂ ಮನೆಯ ಬಸವನ ಹಣೆ? ಅಲ್ಲೂ ಪಟ್ಟೆ ಇದ್ದರೆ ಅದು ಆ ಹದಿನೈದರಲ್ಲಿ ಒಂದಲ್ಲ. ನಾನು ಕಾಗದ ನೋಡಿದ್ದೆ, ಸಹಿ ನೋಡಿದ್ದೆ, ಪೆನ್ಸಿಲಿನಲ್ಲಿ ಬರೆದ ಸಂಖ್ಯೆ ನೋಡಿದ್ದೆ. ಬೆಲೆ ಕಟ್ಟುವ ಮಹಾಶಯನಿಗೆ ಹಣೆ ಮಾತ್ರ ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

ಬಸ್‌ಸ್ಟಾಪಿನ ಎಸ್‌ಟಿಡಿ ಬೂತಿಗೆ ಓಡಿದೆ. ಸುನೀತಾ ಮೇಡಂಗೆ ನಡೆದದ್ದೆಲ್ಲ ಹೇಳಿದೆ, ನಾನು ಹಲಗೆ ನೋಡದೆ ಬರೆದದ್ದನ್ನೂ ಸೇರಿಸಿ. ಮೇಡಂ "ಇರಿ, ನೋಡ್ತೀನಿ" ಎಂದು ರಿಸೀವರ್ ಪಕ್ಕಕ್ಕಿಟ್ಟು ಹೋದರು. ನಾನು ಮೀಟರಿನಲ್ಲಿ ಓಡುವ ಅಂಕಿಗಳನ್ನು ನೋಡುತ್ತ ನಿಂತೆ.

"ಹಣೇಲಿ ಏನೂ ಇಲ್ಲ ಮಲ್ಲಿಕಾರ್ಜುನ್. ಪೂರ್ತಿ ಕಪ್ಪು."

ಅಬ್ಬಾ! ಬೂತಿನ ಸ್ಟೂಲಿನ ಮೇಲೆ ಕುಳಿತೆ. "ಇನ್ಮೇಲೆ ನೋಡದೆ ಬರೀಬೇಡಿ" ಎಂದು ಮೇಡಂ ಚೆನ್ನಾಗಿಯೇ ಉಗಿದರು. ಅಷ್ಟು ಖುಷಿಯಿಂದ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ.

ತಿರುಗಿ ಬಂದು ಪುಟ್ಟಬಸಮ್ಮನವರಿಗೆ ಕೈಮುಗಿದೆ. "ತಪ್ಪಾಯ್ತು ತಾಯಿ. ನಿಮ್ಮನ್ನ ಮೋಸಗಾರ್ತಿ ಅಂದ್ಬಿಟ್ಟೆ."

"ಬುಡಿ, ಮ್ವಾಸ ಮಾಡಂಗಿದ್ರೆ ಇದುನ್ ಮಾಡ್ತಿದ್ದೆ" ಎಂದು ಆಕೆ ಬಟ್ಟೆಯಲ್ಲಿ ಸುತ್ತಿದ್ದ ಇನ್ನೊಂದು ಹಲಗೆ ಬಿಚ್ಚಿದರು. ನಂಜನಗೂಡು ರಸಬಾಳೆಯ ಗೊನೆ, ಅದರ ಮೇಲೆ ಬಾಗಿದ ಎಲೆ. ಮೇಷ್ಟ್ರ ಕೊನೆಯ ಹಲಗೆ. ಎಲ್ಲೂ ಒಂದು ಗೀಟಿಲ್ಲ.

"ಒಂಬತ್ ತೆಗುದ್ರು. ಇನ್ನಾರು ನಾಳೆ ಅಂತ ಮನಗಿದೋರು ಏಳ್ನಿಲ್ಲ. ಗಣಾರಾಧನೇಲಿ ಎಲ್ರೂ ಬಾಳೆಗೊನೇದೇ ಕೊಡು ಅಂದ್ರು. ವಿಭೂತಿ ಇಡ್ದಿರೋದ ನಾನ್ ಎಂಗೆ ಮುಟ್ಲಿ?"

ಎರಡು ವರ್ಷ ಆಕೆ ಆ ಹಲಗೆಗೆ ಮಸಿ ಸೋಕಿಸಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಟ್ಟುಕೊಳ್ಳಲಿಲ್ಲ.

"ಒಂಬತ್ತೇ ಅಂತ ಮುಗಿಸಿಬಿಡಿ ಅಮ್ಮ. ಆ ಒಂಬತ್ತಕ್ಕೆ ಒಳ್ಳೆ ಬೆಲೆ ನಾನು ಬರೆದುಕೊಡ್ತೀನಿ."

ಆಕೆ ಹಲಗೆಯ ಮೇಲೆ ಕೈಯಾಡಿಸಿದರು. "ನಾನ್ ಗೀಟಾಕ್ಬುಟ್ರೆ ಅವರ್ ಕೆಲ್ಸ ಮುಗ್ದೋಯ್ತು ಅಂತಾಯ್ತದಲ್ಲ. ಅದ್ಕೇ ಇಂಗೇ ಮಡಿಕೊಂಡಿದ್ದೆ."

ಆಮೇಲೆ ಮೇಷ್ಟ್ರ ಉಳಿ ತಂದರು. ನಾನು ಹಲಗೆ ಅಲುಗದ ಹಾಗೆ ಎರಡೂ ಕೈಯಿಂದ ಒತ್ತಿ ಹಿಡಿದೆ. ಬಾಳೆಯೆಲೆಯ ಮೇಲೆ ಒಂದು, ಎರಡು, ಮೂರು ಗೀಟು. ಮೂರನೆಯದು ಸ್ವಲ್ಪ ಸೊಟ್ಟಗಾಯಿತು. ಪುಟ್ಟಬಸಮ್ಮ ಉಸಿರು ಬಿಟ್ಟು, ಸೆರಗಿನಿಂದ ಮರದ ಪುಡಿ ಒರೆಸಿ, "ಈಗ ಒಂದ್ ತಗೀರಿ, ನಿಮ್ಮನೇಗೆ" ಅಂದು ಮಸಿ ಡಬ್ಬಿ ಹುಡುಕಲು ಎದ್ದರು.